ಸ್ಟಿಕ್ಕರ್‌ನಲ್ಲಿ 21, ಸಹೋದ್ಯೋಗಿ ಹೇಳುವುದು 17: ಫುಲ್ ಸೈಜ್ ಪಿಕಪ್ ನಿಜಕ್ಕೂ ಎಷ್ಟು ಮೈಲೇಜ್ ಕೊಡುತ್ತದೆ?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನಿಂದ ಡಲ್ಲಾಸ್‌ಗೆ ಬಂದಿದ್ದೀರಿ. ಸೆಕೆಂಡ್ ಹ್ಯಾಂಡ್ 2021ರ ಫೋರ್ಡ್ ಎಫ್-150 ಒಂದನ್ನು ನೋಡಿದ್ದೀರಿ. 2.7 ಲೀಟರ್ ಇಕೋಬೂಸ್ಟ್ (ಫೋರ್ಡ್‌ನ ಟರ್ಬೊ) ಎಂಜಿನ್, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವಂಥದ್ದು. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆಯಾದ ಇಪಿಎಯ ಮೈಲೇಜ್ ಸ್ಟಿಕ್ಕರ್ ಪ್ರಕಾರ ಸಿಟಿಯಲ್ಲಿ 19, ಹೈವೇಯಲ್ಲಿ 24, ಎರಡೂ ಸೇರಿ 21 ಎಂಪಿಜಿ (ಒಂದು ಗ್ಯಾಲನ್ ಪೆಟ್ರೋಲ್‌ಗೆ ಇಷ್ಟು ಮೈಲಿ). ಆಫೀಸಿನಲ್ಲಿ ಅದೇ ಗಾಡಿ ಇಟ್ಟುಕೊಂಡವರೊಬ್ಬರು 17 ದಾಟುವುದಿಲ್ಲ ಎಂದಿದ್ದಾರೆ. ಯಾರನ್ನು ನಂಬಬೇಕು?

ಇಬ್ಬರನ್ನೂ ನಂಬಿ. ನಾನೂ ಡಲ್ಲಾಸ್‌ನ ಉತ್ತರಕ್ಕೇ ಇರುವವನು, ನನ್ನ ಹತ್ತಿರ ಇರುವುದೂ ಇದೇ ಎಂಜಿನ್. ಊರೊಳಗೆ 16ರಿಂದ 18 ಬರುತ್ತದೆ. ಹೈವೇಯಲ್ಲಿ ಗಂಟೆಗೆ 65 ಮೈಲಿ ದಾಟದೆ ಹೋದರೆ 24 ಆರಾಮಾಗಿ ಸಿಗುತ್ತದೆ. ಅದೇ ರಸ್ತೆಯಲ್ಲಿ 78ರಲ್ಲಿ ಹೋದರೆ 20ರ ಹತ್ತಿರ ನಿಲ್ಲುತ್ತದೆ. ಗಾಡಿ ಒಂದೇ, ಪೆಟ್ರೋಲ್ ಒಂದೇ. ನಮ್ಮ ಕಡೆಯ ಲೆಕ್ಕಕ್ಕೆ ಬೇಕಾದರೆ ಎಂಪಿಜಿಯನ್ನು 0.425ರಿಂದ ಗುಣಿಸಿ. 20 ಎಂಪಿಜಿ ಎಂದರೆ ಲೀಟರ್‌ಗೆ ಎಂಟೂವರೆ ಕಿಲೋಮೀಟರ್. ಊರಲ್ಲಿ ಸ್ವಿಫ್ಟ್ ಓಡಿಸಿ ಬಂದವರಿಗೆ ಇದು ಮೊದಲು ಎದೆ ಝಲ್ ಎನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಎರಡು ಟನ್ ದಾಟುವ, ಎತ್ತರದ, ಚೌಕಾಕಾರದ ಗಾಡಿಗೆ ಇದು ಕೆಟ್ಟ ಲೆಕ್ಕವಲ್ಲ.

ಸ್ಟಿಕ್ಕರ್ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಪರೀಕ್ಷೆ ನಡೆಯುವುದು ರಸ್ತೆಯಲ್ಲಿ ಅಲ್ಲ, ಲ್ಯಾಬ್‌ನಲ್ಲಿ, ರೋಲರ್‌ಗಳ ಮೇಲೆ. ಮೊದಲು ಸಿಟಿಗೊಂದು, ಹೈವೇಗೊಂದು ಪರೀಕ್ಷೆಯ ಲೆಕ್ಕವಷ್ಟೇ ಇತ್ತು. 2008ರ ಮಾಡೆಲ್‌ಗಳಿಂದ ಇನ್ನೂ ಮೂರನ್ನು ಲೆಕ್ಕಕ್ಕೆ ತಂದರು: ಜೋರಾಗಿ ಓಡಿಸುವುದು, ಬಿಸಿಲಲ್ಲಿ ಎಸಿ ಹಾಕಿ ಓಡಿಸುವುದು, ಕೊರೆಯುವ ಚಳಿಯಲ್ಲಿ ಓಡಿಸುವುದು. ಹಾಗಾಗಿ ಈಗಿನ ಸ್ಟಿಕ್ಕರ್ ಹಳೆಯದಕ್ಕಿಂತ ಎಷ್ಟೋ ವಾಸಿ. ಆದರೂ ಒಂದು ವಿಷಯ ಗಮನಿಸಿ. ಹೈವೇ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 60 ಮೈಲಿ, ಸರಾಸರಿ ಸುಮಾರು 48. ಜೋರಾಗಿ ಓಡಿಸುವ ಪರೀಕ್ಷೆ 80 ಮುಟ್ಟುತ್ತದೆ ನಿಜ, ಆದರೆ ಅದು ಇರುವುದೇ 10 ನಿಮಿಷ, ಅದರ ಸರಾಸರಿಯೂ 48ರ ಆಸುಪಾಸು. ಟೆಕ್ಸಸ್‌ನಲ್ಲಿ ನಾವು ಮಾಡುವ ಹಾಗೆ 78ರಲ್ಲಿ ಕ್ರೂಸ್ ಹಾಕಿ ಮೂರು ಗಂಟೆ ಸುಮ್ನೆ ಹೋಗುವ ಪರೀಕ್ಷೆ ಆ ಐದರಲ್ಲಿ ಒಂದೂ ಇಲ್ಲ.

ಪಿಕಪ್‌ಗೆ ಇದು ಸಣ್ಣ ಕಾರಿಗಿಂತ ಜಾಸ್ತಿ ಹೊಡೆತ ಕೊಡುತ್ತದೆ. ಹೈವೇಯಲ್ಲಿ ಇಂಥ ಗಾಡಿಯ ಚಕ್ರಗಳಿಗೆ ಸಿಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 65ರಿಂದ 75ಕ್ಕೆ ಏರಿಸಿದರೆ ತಡೆ ಮೂರನೇ ಒಂದು ಭಾಗ ಹೆಚ್ಚುತ್ತದೆ. 80ಕ್ಕೆ ಏರಿಸಿದರೆ ಒಂದೂವರೆ ಪಟ್ಟು. ಪಶ್ಚಿಮ ಟೆಕ್ಸಸ್‌ನ ಐ-10 ಹೆದ್ದಾರಿಯಲ್ಲಿ ವೇಗದ ಮಿತಿಯೇ 80, ಆಸ್ಟಿನ್‌ನಿಂದ ದಕ್ಷಿಣಕ್ಕೆ ಹೋಗುವ 130ನೇ ಹೆದ್ದಾರಿಯಲ್ಲಿ 85. ಅಲ್ಲಿ ಸ್ಟಿಕ್ಕರ್‌ನ 24 ಸಿಗಲಿಲ್ಲ ಎಂದು ಗಾಡಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಎದುರುಗಾಳಿಯೂ ಸೇರಿಕೊಳ್ಳುತ್ತದೆ. ಪಶ್ಚಿಮ ಟೆಕ್ಸಸ್‌ನ ಮಿಡ್‌ಲ್ಯಾಂಡ್ ಊರಿನ ಕಡೆಗೆ ಹೋಗುವಾಗ ಗಂಟೆಗೆ 15 ಮೈಲಿ ಎದುರುಗಾಳಿ ಏನೂ ವಿಶೇಷವಲ್ಲ. ನೀವು 75ರಲ್ಲಿದ್ದರೆ ಗಾಡಿಗೆ ಬಡಿಯುವ ಗಾಳಿ 90ರದ್ದು. ತಡೆ ಸುಮಾರು 44% ಜಾಸ್ತಿ. ಹೋಗುವಾಗ 17, ಬರುವಾಗ 22 ಬಂದರೆ ಗಾಬರಿಯಾಗಬೇಡಿ, ಎಂಜಿನ್ ಚೆನ್ನಾಗಿಯೇ ಇದೆ. ಹಿಂದಿನ ಬಾಗಿಲು ಇಳಿಸಿಕೊಂಡು ಹೋದರೆ ಮೈಲೇಜ್ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬಾಗಿಲು ಮುಚ್ಚಿದ್ದರೆ ಬೆಡ್‌ನೊಳಗೆ, ಅಂದರೆ ಹಿಂದಿನ ತೆರೆದ ಸರಕಿನ ಜಾಗದಲ್ಲಿ, ಗಾಳಿ ಸುಳಿಯಾಗಿ ನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಇಳಿಸಿದರೆ ಆ ಸುಳಿ ಒಡೆಯುತ್ತದೆ.

ಇನ್ನು ಊರೊಳಗಿನ ಕಥೆ. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಅಲ್ಲಿಂದ ದಿನಸಿ, ವಾಪಸ್ ಮನೆ. ಪ್ರತಿಸಲ ಎರಡು ಮೂರು ಮೈಲಿ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಆಯಿಲ್ ಮಂದವಾಗಿರುತ್ತದೆ. ಸ್ಕೂಲಿನ ಸಾಲಿನಲ್ಲಿ ಎಸಿ ಹಾಕಿಕೊಂಡು ನಿಂತರೆ ಗಂಟೆಗೆ ಕಾಲು ಗ್ಯಾಲನ್‌ನಿಂದ ಅರ್ಧ ಗ್ಯಾಲನ್‌ವರೆಗೆ ಸುಮ್ಮನೆ ಉರಿಯುತ್ತದೆ, ಆ ಹೊತ್ತಿನ ಮೈಲೇಜ್ ಸೊನ್ನೆ. ನಿಮ್ಮ ಸಹೋದ್ಯೋಗಿಯ ಓಡಾಟ ಹೀಗಿದ್ದರೆ 17 ಸರಿಯಾದ ಅಂಕಿಯೇ. ಇಲ್ಲಿ ಪಂಪಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತದೆ. ಅದರಿಂದಲೂ ಶುದ್ಧ ಪೆಟ್ರೋಲ್‌ಗಿಂತ ಸುಮಾರು 3% ಮೈಲೇಜ್ ಕಡಿಮೆ.

ನೀವು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿರುವುದರಿಂದ ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ: ಟೈರ್ ನೋಡಿ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಕಂಪನಿ ಹಾಕಿಕೊಟ್ಟ ಟೈರಿನ ಅಳತೆ, ಗಾಳಿಯ ಒತ್ತಡ ಎರಡೂ ಬರೆದಿರುತ್ತದೆ. ಅದನ್ನು ಗಾಡಿಯಲ್ಲಿ ಇರುವ ಟೈರಿಗೆ ಹೋಲಿಸಿ. ಟೆಕ್ಸಸ್‌ನಲ್ಲಿ ಹಳೆಯ ಮಾಲೀಕರು ದಪ್ಪ ಹಲ್ಲಿನ ಆಲ್ ಟೆರೇನ್ ಟೈರ್ ಹಾಕಿಸಿ, ಗಾಡಿಯನ್ನು ಒಂದೆರಡು ಇಂಚು ಎತ್ತರಿಸಿರುವುದು ತುಂಬಾ ಸಾಮಾನ್ಯ. ನೋಡಲು ಚೆಂದ. ಆದರೆ ಒಂದೆರಡು ಎಂಪಿಜಿ ಅಲ್ಲೇ ಹೋಗುತ್ತದೆ. ಮುಂದಿನ ಬಂಪರ್ ಕೆಳಗೆ ಗಾಳಿ ತಡೆಯಲು ಒಂದು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಕೆಲವರು ಅದನ್ನೂ ಬಿಚ್ಚಿಸಿರುತ್ತಾರೆ. ಅದು ಅಲಂಕಾರಕ್ಕೆ ಇಟ್ಟಿದ್ದಲ್ಲ, ಗಾಡಿಯ ಅಡಿಗೆ ಗಾಳಿ ನುಗ್ಗದಂತೆ ನೋಡಿಕೊಳ್ಳುತ್ತದೆ.

ದೊಡ್ಡ ಟೈರಿನಿಂದ ಇನ್ನೊಂದು ಗೊಂದಲವೂ ಹುಟ್ಟುತ್ತದೆ. 32 ಇಂಚಿನ ಟೈರ್ ಇದ್ದ ಕಡೆ 35 ಇಂಚಿನದು ಹಾಕಿ, ಮೀಟರನ್ನು ಸರಿಹೊಂದಿಸದಿದ್ದರೆ ಓಡೋಮೀಟರ್ ಸುಮಾರು 9% ಕಡಿಮೆ ದೂರ ತೋರಿಸುತ್ತದೆ. ಗಾಡಿ ನಿಜವಾಗಿ 109 ಮೈಲಿ ಓಡಿರುತ್ತದೆ, ಮೀಟರ್ 100 ಎನ್ನುತ್ತದೆ. ಅಂಥವರು ಹೇಳುವ 15ರಲ್ಲಿ ಒಂದು ಭಾಗ ಬರೀ ಮೀಟರಿನ ತಪ್ಪು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಪ್ರತಿ 1 ಪಿಎಸ್‌ಐಗೆ (ಟೈರಿನ ಒತ್ತಡ ಅಳೆಯುವ ಮಾನ) 0.2% ನಷ್ಟ ಎನ್ನುತ್ತಾರೆ. 10 ಪಿಎಸ್‌ಐ ಇಳಿದಿದ್ದರೆ 2%. ದೊಡ್ಡದಲ್ಲ, ಆದರೆ ಸರಿಮಾಡಲು ಖರ್ಚೇ ಇಲ್ಲವಲ್ಲ.

ಟ್ರೈಲರ್ ಎಳೆಯುವ ಯೋಚನೆ ಇದ್ದರೆ ಸ್ಟಿಕ್ಕರನ್ನು ಮರೆತುಬಿಡಿ. ಎತ್ತರದ ಕ್ಯಾಂಪಿಂಗ್ ಟ್ರೈಲರ್ ಕಟ್ಟಿಕೊಂಡು ಹೈವೇಗೆ ಬಂದರೆ ಪೆಟ್ರೋಲ್ ಪಿಕಪ್ ಯಾವುದೇ ಆಗಲಿ 8ರಿಂದ 11ರೊಳಗೇ ಕೊಡುತ್ತದೆ. ತೂಕಕ್ಕಿಂತ ಅದರ ಮುಖದ ಅಗಲ ಎತ್ತರವೇ ಇಲ್ಲಿ ಮುಖ್ಯ. ಅಷ್ಟೇ ತೂಕದ ತಗ್ಗಾದ ದೋಣಿ ಎಳೆದರೆ ಮೈಲೇಜ್ ಎಷ್ಟೋ ಉತ್ತಮ. ಟರ್ಬೊ ಎಂಜಿನ್ ಹಗುರವಾಗಿ ಓಡಿಸಿದಾಗ ಚೆನ್ನಾಗಿ ಉಳಿಸುತ್ತದೆ, ಭಾರ ಬಿದ್ದಾಗ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್‌ನಷ್ಟೇ ಕುಡಿಯುತ್ತದೆ. ಡೀಲರ್ ಹತ್ತಿರ ಎಫ್-250 ತೋರಿಸಿದರೆ ಅದರ ಮೇಲೆ ಎಂಪಿಜಿ ಸ್ಟಿಕ್ಕರೇ ಇರುವುದಿಲ್ಲ. 8,500 ಪೌಂಡ್ ಮೀರಿದ ಒಟ್ಟು ತೂಕದ ಅನುಮತಿ ಇರುವ ಪಿಕಪ್‌ಗಳಿಗೆ ಅದು ಕಡ್ಡಾಯವಲ್ಲ.

ಈಗ ದುಡ್ಡಿನ ವಿಷಯ. ಎಂಪಿಜಿ ನೋಡಿ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೇವೆ. ವರ್ಷಕ್ಕೆ 12,000 ಮೈಲಿ ಓಡಿಸುತ್ತೀರಿ ಎಂದುಕೊಳ್ಳೋಣ. 15 ಎಂಪಿಜಿ ಗಾಡಿಗೆ 800 ಗ್ಯಾಲನ್ ಬೇಕು, 20ರ ಗಾಡಿಗೆ 600. ಉಳಿತಾಯ 200 ಗ್ಯಾಲನ್. 25ರಿಂದ 30ಕ್ಕೆ ಹೋದರೂ ಏರಿಕೆ ಅದೇ 5 ಎಂಪಿಜಿ, ಆದರೆ 480 ಇದ್ದದ್ದು 400 ಆಗುತ್ತದೆ, ಉಳಿತಾಯ 80 ಮಾತ್ರ. ಅದಕ್ಕೇ 2013ರಿಂದ ಸ್ಟಿಕ್ಕರ್‌ನಲ್ಲಿ 100 ಮೈಲಿಗೆ ಎಷ್ಟು ಗ್ಯಾಲನ್ ಎಂದೂ ಹಾಕುತ್ತಿದ್ದಾರೆ. ನಾನು ನೋಡುವುದು ಆ ಸಣ್ಣ ಅಕ್ಷರದ ಅಂಕಿಯನ್ನೇ. ನಿಮ್ಮ ವಿಷಯಕ್ಕೆ ಬಂದರೆ, 21ರ ಬದಲು 17 ಬಂದರೆ ವರ್ಷಕ್ಕೆ ಸುಮಾರು 135 ಗ್ಯಾಲನ್ ಹೆಚ್ಚು. ಗ್ಯಾಲನ್‌ಗೆ 3 ಡಾಲರ್ ಹಿಡಿದರೆ 400 ಡಾಲರ್ ಚಿಲ್ಲರೆ. ತಿಂಗಳಿಗೆ 34 ಡಾಲರ್. ಗಾಡಿಯ ಕಂತು, ಇನ್ಶೂರೆನ್ಸ್ ಮುಂದೆ ಇದನ್ನಿಟ್ಟು ನೋಡಿ. ನಿದ್ದೆ ಕೆಡಿಸಿಕೊಳ್ಳುವಷ್ಟು ದೊಡ್ಡ ಮೊತ್ತವಲ್ಲ.

ಹೈಬ್ರಿಡ್ ಬಗ್ಗೆಯೂ ಕೇಳಿದ್ದೀರಿ. ಎಫ್-150ರ ಹೈಬ್ರಿಡ್ ಆದ 2021ರ ಪವರ್‌ಬೂಸ್ಟ್ ಫೋರ್ ಬೈ ಫೋರ್‌ಗೆ ಸಿಟಿ 24, ಹೈವೇ 24. ಗಮನಿಸಿದಿರಾ? ಹೈವೇಯಲ್ಲಿ ನೀವು ನೋಡಿರುವ 2.7ಕ್ಕೂ ಅದೇ 24! ಬ್ರೇಕ್ ಹಾಕುವಾಗ ಹಾಳಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುವುದೇ ಹೈಬ್ರಿಡ್‌ನ ಬಲ. ಹೈವೇಯಲ್ಲಿ ಬ್ರೇಕೇ ಹಾಕದಿದ್ದರೆ ತುಂಬಿಕೊಳ್ಳಲು ಏನಿರುತ್ತದೆ? ನಿಮ್ಮ ಓಡಾಟ ಪೂರ್ತಿ ಸಿಟಿಯದಾದರೆ ಅದು ವರ್ಷಕ್ಕೆ 400 ಡಾಲರ್ ಹತ್ತಿರ ಉಳಿಸುತ್ತದೆ. ಪೂರ್ತಿ ಹೈವೇಯಾದರೆ ಸ್ಟಿಕ್ಕರ್ ಪ್ರಕಾರ ಉಳಿತಾಯ ಸೊನ್ನೆ. ಆದರೂ ಆ ಗಾಡಿಯ ಮೇಲೆ ನನಗೆ ಗೌರವವಿದೆ, ಅದಕ್ಕೆ ಕಾರಣ ಬೇರೆ. ಅದರ ಬೆಡ್‌ನಲ್ಲಿ ಜನರೇಟರ್‌ನಂತೆ ಕೆಲಸ ಮಾಡುವ ಪ್ಲಗ್‌ಗಳಿವೆ, 7.2 ಕಿಲೋವ್ಯಾಟ್‌ವರೆಗೂ ಸಿಗುತ್ತದೆ. 2021ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಟೆಕ್ಸಸ್‌ನ ಕರೆಂಟು ಹೋಗಿ ಲಕ್ಷಾಂತರ ಮನೆಗಳು ಕತ್ತಲಲ್ಲಿದ್ದಾಗ ಕೆಲವರು ಇದರಿಂದಲೇ ಮನೆಯ ಹೀಟರ್, ಫ್ರಿಜ್ ನಡೆಸಿದರು. ಹೈಬ್ರಿಡ್‌ಗೆ ಹೆಚ್ಚು ದುಡ್ಡು ಕೊಡುವುದಾದರೆ ಇದಕ್ಕಾಗಿ ಕೊಡಿ.

ಗಾಡಿ ಕೊಂಡ ಮೇಲೆ ನಿಮ್ಮ ಅಂಕಿಯನ್ನು ನೀವೇ ಅಳೆಯಿರಿ. ಡ್ಯಾಶ್‌ಬೋರ್ಡ್ ತೋರಿಸುವುದು ಅಂದಾಜು, ಬಹಳ ಗಾಡಿಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ಹೇಳುತ್ತದೆ. ಪಂಪು ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಸಾಧ್ಯವಾದರೆ ಅದೇ ಪಂಪಿನಲ್ಲಿ, ಅದೇ ರೀತಿ ತುಂಬಿಸಿ, ಮೈಲಿಯನ್ನು ಗ್ಯಾಲನ್‌ನಿಂದ ಭಾಗಿಸಿ. ಒಂದು ಟ್ಯಾಂಕ್ ನೋಡಿ ತೀರ್ಮಾನಿಸಬೇಡಿ, ದೊಡ್ಡ ಟ್ಯಾಂಕಿನಲ್ಲಿ ತುಂಬುವಾಗಿನ ಹೆಚ್ಚುಕಮ್ಮಿಯೇ ಒಂದು ಗ್ಯಾಲನ್ ಆಗಬಹುದು. ನಾಲ್ಕೈದು ಸಲದ ಒಟ್ಟು ಮೈಲಿಯನ್ನು ಒಟ್ಟು ಗ್ಯಾಲನ್‌ನಿಂದ ಭಾಗಿಸಿದರೆ ಸರಿಯಾದ ಲೆಕ್ಕ ಸಿಗುತ್ತದೆ.

ನೀವು ಹೇಳಿರುವ ಪ್ರಕಾರ ನಿಮ್ಮದು ಮನೆಯಿಂದ ಆಫೀಸಿಗೆ ಹೈವೇ ಓಡಾಟ, ಜೊತೆಗೆ ಆಗೊಮ್ಮೆ ಈಗೊಮ್ಮೆ ಮರಮುಟ್ಟು, ಪೀಠೋಪಕರಣ ತರುವುದು. ಅಷ್ಟಕ್ಕೆ 2.7 ಧಾರಾಳವಾಗಿ ಸಾಕು. ಹಿಮ, ಕೆಸರಿನ ದಾರಿ ನಿಮಗಿಲ್ಲವಾದರೆ ಟೂ ವೀಲ್ ಡ್ರೈವ್ ಇರುವುದನ್ನೇ ಹುಡುಕಿ. ಅದರ ಸ್ಟಿಕ್ಕರ್ ಸಿಟಿಗೆ 20, ಹೈವೇಗೆ 26, ಎರಡೂ ಸೇರಿ 22. ಟೈರ್ ಕಂಪನಿ ಅಳತೆಯದೇ ಇರಲಿ. ಹಾಗಿದ್ದು, 70ರ ಒಳಗೆ ಓಡಿಸಿದರೆ ನಿಮಗೆ 21ರಿಂದ 23 ಬರುತ್ತದೆ ಎಂದು ನನ್ನ ಅಂದಾಜು.