ಲೋವೆಲ್‌ಗೆ ಬರುವವರು ಮನೆ ಎಲ್ಲಿ ಮಾಡಬೇಕು?

ನೀವು ಮೈಸೂರಿನಿಂದ ಕೇಳಿದ್ದು ಓದಿದೆ. ಯಜಮಾನರಿಗೆ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಕೆಲಸ ಸಿಕ್ಕಿದೆ, ನೀವು ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಸಂಗಾತಿಗೆ ಕೊಡುವುದು) ಜೊತೆಗೆ ಬರುತ್ತೀರಿ, ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಅಭ್ಯಾಸ, ಅಲ್ಲಿ ಹಾಗೆ ನಡೆಯೋಕೆ ಜಾಗ ಇದೆಯಾ, ಹಗಲೆಲ್ಲಾ ಒಬ್ಬಳೇ ಕೂತು ಬೇಜಾರಾಗುತ್ತಾ, ಇಷ್ಟು ತಾನೇ? ನಾನು ಮಂಡ್ಯದವಳು. ಇಲ್ಲಿಗೆ ಬಂದು ಬಹಳ ವರ್ಷವಾಯಿತು. ನಾನು ಹೇಳುವುದು ಒಂದೇ. ಮನೆ ಹುಡುಕುವಾಗ ನದಿಗೂ ಕಾಲುವೆಗೂ ನಡೆದು ಹೋಗುವಷ್ಟು ಹತ್ತಿರ ಹುಡುಕಿ.

ನಮ್ಮವರು ಸಾಮಾನ್ಯವಾಗಿ ಬೇರೆ ಹೇಳುತ್ತಾರೆ. ಹೊರಗಡೆ ದೊಡ್ಡ ಅಪಾರ್ಟ್‌ಮೆಂಟ್ ತಗೊಳ್ಳಿ, ಎಲ್ಲಾ ನಮ್ಮವರೇ ಇದ್ದಾರೆ, ಪಾರ್ಕಿಂಗ್ ಇದೆ ಅಂತ. ನಿಜ, ಅದೆಲ್ಲ ಇದೆ. ಆದರೆ ಗೇಟು ದಾಟಿದರೆ ಹೆದ್ದಾರಿ, ಎಷ್ಟೋ ಕಡೆ ಫುಟ್‌ಪಾತೇ ಇಲ್ಲ. ಯಜಮಾನರು ಕಾರು ತಗೊಂಡು ಹೊರಟ ಮೇಲೆ ಸಂಜೆಯವರೆಗೆ ನೀವು ಅಲ್ಲೇ. ಎಚ್-4ನಲ್ಲಿ ಬಂದ ತಕ್ಷಣ ಕೆಲಸಕ್ಕೆ ಸೇರುವ ಹಾಗಿಲ್ಲ. ಲೈಸೆನ್ಸ್ ಕೈಗೆ ಬರೋಕೂ ಟೈಮ್ ಬೇಕು. ಆ ಮೊದಲ ತಿಂಗಳುಗಳು ಹೇಗೆ ಕಳೆಯುತ್ತವೆ ಅನ್ನುವುದು ಮನೆ ಎಲ್ಲಿದೆ ಅನ್ನುವುದರ ಮೇಲೇ ನಿಂತಿರುತ್ತದೆ.

ಊರು ಚಿಕ್ಕದು, ಲಕ್ಷದ ಮೇಲೆ ಸ್ವಲ್ಪ ಜನ. ಮೆರಿಮ್ಯಾಕ್ ನದಿ ಇಲ್ಲಿ ಸುಮಾರು 32 ಅಡಿ ಕೆಳಗಿಳಿಯುತ್ತದೆ. ಆ ಇಳಿಜಾರು ನೋಡಿಯೇ 1820ರ ದಶಕದಲ್ಲಿ ಬಾಸ್ಟನ್ನಿನ ವ್ಯಾಪಾರಿಗಳು ಇಲ್ಲಿ ಬಟ್ಟೆ ಗಿರಣಿ ಕಟ್ಟಿದ್ದು. ನಮ್ಮ ಮಂಡ್ಯದಲ್ಲಿ ನಾಲೆ ನೀರು ಗದ್ದೆಗೆ, ಇಲ್ಲಿ ಮಗ್ಗ ಓಡಿಸುವ ಚಕ್ರ ತಿರುಗಿಸೋಕೆ. ಇಂಥ ಕಾಲುವೆಗಳು ಊರೊಳಗೇ ಒಟ್ಟು 9 ಕಿ.ಮೀ. ಹರಿಯುತ್ತವೆ. ನಿಮ್ಮ ಯಜಮಾನರು ಮೆಕ್ಯಾನಿಕಲ್ ಓದಿದ್ದರೆ ಫ್ರಾನ್ಸಿಸ್ ಟರ್ಬೈನ್, ಅಂದರೆ ನೀರಿನ ಬಲಕ್ಕೆ ತಿರುಗುವ ಯಂತ್ರ, ಗೊತ್ತಿರುತ್ತದೆ ಅಲ್ವಾ, ಜೇಮ್ಸ್ ಫ್ರಾನ್ಸಿಸ್ ಅದನ್ನು 1849ರ ಸುಮಾರಿಗೆ ರೂಪಿಸಿದ್ದು ಇದೇ ಊರಲ್ಲಿ, ಇದೇ ನೀರಿಗೆ.

ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರು ಬಹಳ ಸೊರಗಿತು. 1978ರಲ್ಲಿ ಕೇಂದ್ರ ಸರ್ಕಾರ ಹಳೇ ಗಿರಣಿ, ಕಾಲುವೆ ಎಲ್ಲವನ್ನೂ ಸೇರಿಸಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿತು. ಬೇಲಿ ಹಾಕಿದ ಪಾರ್ಕ್ ಅಲ್ಲ ಅದು, ಪೇಟೆಯ ಮಧ್ಯದಲ್ಲೇ ಹರಡಿಕೊಂಡಿದೆ. ಬೂಟ್ ಮಿಲ್ಸ್ ಅನ್ನುವ ಕಡೆ ಹಳೇ ಮಗ್ಗಗಳನ್ನು ಇವತ್ತೂ ಓಡಿಸಿ ತೋರಿಸುತ್ತಾರೆ. ಎಲ್ಲಾ ಮಗ್ಗ ಓಡುತ್ತಿಲ್ಲದಿದ್ದರೂ ಕಾಲಡಿಯ ಹಲಗೆ ನಡುಗುತ್ತದೆ, ಪಕ್ಕದವರ ಮಾತು ಕೇಳುವುದಿಲ್ಲ. ಹಳ್ಳಿಗಳಿಂದ ಬಂದ ಹುಡುಗಿಯರು ಇಂಥ ಸದ್ದಿನಲ್ಲಿ ದಿನಕ್ಕೆ 12 ಗಂಟೆಗೂ ಜಾಸ್ತಿ ದುಡಿದರು. 1834ರಲ್ಲಿ ಕೂಲಿ ಕಡಿಮೆ ಮಾಡಿದಾಗ ಕೆಲಸ ಬಿಟ್ಟು ಬೀದಿಗಿಳಿದರು. ಅವರು ನೇಯ್ದ ಹತ್ತಿ ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರು ಬೆಳೆದದ್ದು. ಇದನ್ನು ತಿಳಿದುಕೊಂಡು ಈ ಊರಲ್ಲಿ ಓಡಾಡಬೇಕು ಅನ್ನುವುದು ನನ್ನ ಆಸೆ. ಲೂಸಿ ಲಾರ್ಕಮ್ ಪಾರ್ಕ್ ಅಂತ ಕಾಲುವೆ ಪಕ್ಕ ಉದ್ದಕ್ಕೆ ಒಂದು ಪಟ್ಟಿ ಇದೆ. ಅದಕ್ಕೆ ಹೆಸರು ಬಂದಿದ್ದು ಚಿಕ್ಕ ವಯಸ್ಸಿಗೇ ಗಿರಣಿ ಸೇರಿದ ಒಬ್ಬ ಹುಡುಗಿಯಿಂದ.

ದಿನಾ ನಡೆಯೋಕೆ ನದಿ ದಂಡೆಯ ವ್ಯಾಂಡೆನ್‌ಬರ್ಗ್ ಎಸ್ಪ್ಲನೇಡ್ ಸಾಕು. ಅಗಲವಾದ ದಾರಿ, ಒಂದು ಕಡೆ ನೀರು, ಬೇಸಿಗೆಯಲ್ಲಿ ಹುಟ್ಟು ಹಾಕುವ ಹುಡುಗರ ಉದ್ದನೆ ದೋಣಿಗಳು. ಊರು ಮೇಲಿಂದ ನೋಡಬೇಕು ಅಂದರೆ ಫೋರ್ಟ್ ಹಿಲ್ ಹತ್ತಿ. ಊರಾಚೆ ಸರ್ಕಾರಿ ಕಾಡೂ ಇದೆ. ಅಲ್ಲಿ ಮಾತ್ರ ಉಣ್ಣೆ ಹುಳ (ಟಿಕ್) ಹುಷಾರು. ಇಲ್ಲಿನ ಉಣ್ಣೆ ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು, ಅದಕ್ಕೇ ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ ಹೋಗಿ, ಮನೆಗೆ ಬಂದು ಮೈ ನೋಡಿಕೊಳ್ಳಿ.

ಊಟದ ಯೋಚನೆ ಬೇಡ. ಅಮೆರಿಕದಲ್ಲಿ ಕಾಂಬೋಡಿಯಾದವರು ಹೆಚ್ಚಾಗಿರುವ ಊರುಗಳಲ್ಲಿ ಇದೂ ಒಂದು. ಹಾಗಲಕಾಯಿ, ಕೆಸುವಿನ ಗೆಡ್ಡೆ ಅವರ ಅಂಗಡಿಯಲ್ಲೇ ಸಿಗುತ್ತದೆ, ರಾಗಿ ಹಿಟ್ಟಿಗೆ ನಮ್ಮವರ ಅಂಗಡಿ ಇದ್ದೇ ಇದೆ. ಜುಲೈ ಕೊನೆಯಲ್ಲಿ ಜಾನಪದ ಉತ್ಸವ ನಡೆಯುತ್ತದೆ, ಟಿಕೆಟ್ ಇಲ್ಲ, ತಪ್ಪಿಸಬೇಡಿ. ಬಾಸ್ಟನ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆ.

ಹಳೇ ಗಿರಣಿಗಳನ್ನೇ ಈಗ ಮನೆ ಮಾಡಿ ಬಾಡಿಗೆಗೆ ಕೊಡುತ್ತಾರೆ. ದಪ್ಪ ಇಟ್ಟಿಗೆ ಗೋಡೆ, ಆಳೆತ್ತರದ ಕಿಟಕಿ, ಬೆಳಕು ಚೆನ್ನಾಗಿರುತ್ತದೆ. ಪಾರ್ಕಿಂಗ್‌ಗೆ ಬೇರೆ ದುಡ್ಡು ಕೇಳುತ್ತಾರಾ, ಬಾಡಿಗೆಯಲ್ಲಿ ಹೀಟಿಂಗ್ ಸೇರಿದೆಯಾ, ಇವೆರಡನ್ನೂ ಸಹಿ ಮಾಡುವ ಮೊದಲೇ ಕೇಳಿ. ಎಲ್ಲಾ ಬೀದಿಯೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಯಜಮಾನರು ಮೊದಲು ಬಂದರೆ ಮನೆ ಬೀದಿಯಲ್ಲಿ ಕತ್ತಲಾದ ಮೇಲೂ ಒಮ್ಮೆ ಓಡಾಡಿ ನೋಡಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮ. ಆಗಲೂ ನಡೆಯಬಹುದು, ಒಳ್ಳೆ ಬೂಟು ಬೇಕು ಅಷ್ಟೇ. ಅದನ್ನು ಮೈಸೂರಲ್ಲಿ ಕೊಳ್ಳಬೇಡಿ, ಇಲ್ಲಿಗೆ ಬಂದು ಕಾಲಿಗೆ ಹಾಕಿ ನೋಡಿ ತಗೊಳ್ಳಿ.