ಆಟದಂಗಳ ಪ್ರಶ್ನೋತ್ತರ: ಇಂಡಿಯಾನಾಗೆ ಹೊಸ ಕೋಚ್ ಬಂದ ವರ್ಷ

ಪ್ರಶ್ನೆ: ಮಗಳು ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. 2023ರಲ್ಲಿ 12 ಪಂದ್ಯ ಆಡಿ ಮೂರೇ ಗೆದ್ದ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ 2024ರಲ್ಲಿ 11 ಗೆದ್ದಿತಂತೆ. ಒಂದೇ ವರ್ಷದಲ್ಲಿ ಕೋಚ್ ಒಬ್ಬರು ಇಷ್ಟೆಲ್ಲ ಕಲಿಸಬಹುದೇ?
– ಓದುಗರು, ಮೈಸೂರು

ಉತ್ತರ: ಕಲಿಸಿದ್ದಕ್ಕಿಂತ ಕರೆತಂದದ್ದೇ ಹೆಚ್ಚು. ಕರ್ಟ್ ಸಿಗ್ನೆಟ್ಟಿ 2023ರ ನವೆಂಬರ್ ಕೊನೆಗೆ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ ಬಿಟ್ಟು ಬಂದರು. ಅವರ ಬೆನ್ನಿಗೆ ಅಲ್ಲಿನ 13 ಆಟಗಾರರು ಬಂದರು. ಆಕ್ರಮಣದ ಹೊಣೆಯ ಮೈಕ್ ಶಾನಹನ್, ರಕ್ಷಣೆಯ ಹೊಣೆಯ ಬ್ರಯಾಂಟ್ ಹೇನ್ಸ್ ಕೂಡ ಜೊತೆಗೇ ಬಂದರು. ಹೀಗಾಗಿ ಹೊಸ ಕೋಚ್‌ನ ಸಂಕೇತ, ಪಟ್ಟುಗಳನ್ನು ಆಗಲೇ ಬಲ್ಲವರು ಮೊದಲ ದಿನದ ಅಭ್ಯಾಸದಲ್ಲೇ ಇದ್ದರು. ಉಳಿದವರು ಅವರನ್ನು ನೋಡಿ ಕಲಿತರು. ಚೆಂಡೆಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್ ಬಂದದ್ದು ಮಾತ್ರ ಓಹಾಯೋ ವಿಶ್ವವಿದ್ಯಾಲಯದಿಂದ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಟ್ರಾನ್ಸ್‌ಫರ್ ಪೋರ್ಟಲ್. ಕಾಲೇಜು ಬದಲಿಸುವ ಆಟಗಾರ ಅದರಲ್ಲಿ ಹೆಸರು ದಾಖಲಿಸಬೇಕು. ಆಗಿನ ನಿಯಮದಂತೆ ಚಳಿಗಾಲದಲ್ಲಿ ಒಮ್ಮೆ, ವಸಂತದಲ್ಲಿ ಒಮ್ಮೆ ಅವಕಾಶ; ಮುಖ್ಯ ಕೋಚ್ ಹೊರಟುಹೋದರೆ ಆ ತಂಡದವರಿಗೆ ಪ್ರತ್ಯೇಕವಾಗಿ 30 ದಿನ. 2021ಕ್ಕೆ ಮುಂಚೆ ಹೀಗೆ ಬಂದವರು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ಕಾಲದಲ್ಲಾಗಿದ್ದರೆ ಸಿಗ್ನೆಟ್ಟಿಗೂ ಇದು ಆಗುತ್ತಿರಲಿಲ್ಲ.

ಪ್ರಶ್ನೆ: ವೀಕ್ಷಕ ವಿವರಣೆಯಲ್ಲಿ ‘ಆರ್‌ಪಿಒ’ ಎನ್ನುತ್ತಿರುತ್ತಾರೆ. ಏನದು?
– ಓದುಗರು, ಹುಬ್ಬಳ್ಳಿ

ಉತ್ತರ: ರನ್-ಪಾಸ್ ಆಪ್ಷನ್. ಓಡುವುದೋ ಎಸೆಯುವುದೋ ಎಂದು ಚೆಂಡು ಕೈಗೆ ಬಂದ ಮೇಲೆ ತೀರ್ಮಾನಿಸುವ ಪಟ್ಟು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಆನಿಸಿ ಹಿಡಿಯುತ್ತಾನೆ. ಕಣ್ಣು ಎದುರಾಳಿಯ ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಒಬ್ಬ ಲೈನ್‌ಬ್ಯಾಕರ್ ಮೇಲೆ. ಅವನು ಮುಂದೆ ನುಗ್ಗಿದರೆ ಚೆಂಡನ್ನು ಹಿಂದಕ್ಕೆಳೆದು, ಅವನು ಬಿಟ್ಟುಬಂದ ಜಾಗಕ್ಕೆ ಎಸೆತ. ನಿಂತಲ್ಲೇ ನಿಂತರೆ ಚೆಂಡು ರನ್ನಿಂಗ್ ಬ್ಯಾಕ್‌ಗೇ. ರೋರ್ಕ್‌ಗೆ ಇದು ಚೆನ್ನಾಗಿ ಒಗ್ಗಿತ್ತು.

ಕೆಡುವುದು ತಡವಾದಾಗ. ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿ ನಿಲ್ಲುವ ಮುಂದಿನ ಸಾಲಿನ ಆಟಗಾರರು ಓಟವೆಂದೇ ನಂಬಿ ಎದುರಾಳಿಯನ್ನು ತಳ್ಳುತ್ತಾ ಸಾಗುತ್ತಾರೆ. ಎಸೆತಕ್ಕೆ ಮುನ್ನ ಅವರು ಆಟ ಶುರುವಾದ ಗೆರೆಯಿಂದ 3 ಗಜ ದಾಟಿದ್ದರೆ 5 ಗಜದ ದಂಡ. ಇನ್ನೊಂದು ತೊಡಕು: ಎದುರಾಳಿ ಎಸೆತ ಹಿಡಿಯುವ ಒಬ್ಬೊಬ್ಬ ರಿಸೀವರ್‌ಗೂ ಒಬ್ಬೊಬ್ಬನನ್ನು ಅಂಟಿಸಿಬಿಟ್ಟರೆ, ಲೈನ್‌ಬ್ಯಾಕರ್ ನುಗ್ಗಿದರೂ ಎಸೆಯಲು ತೆರಪು ಸಿಗದು.

ಪ್ರಶ್ನೆ: ಮೊದಲ 10 ಪಂದ್ಯ ಸತತ ಗೆದ್ದ ಇಂಡಿಯಾನಾದವರು ಓಹಾಯೋ ಸ್ಟೇಟ್ (ಇದು ರೋರ್ಕ್ ಬಿಟ್ಟುಬಂದ ವಿಶ್ವವಿದ್ಯಾಲಯವಲ್ಲ, ಬೇರೆಯದು) ಎದುರು 38–15ರಿಂದ ಸೋತದ್ದೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಮುಂದಿನ ಸಾಲು ತಡೆದುಕೊಳ್ಳಲಿಲ್ಲ. ನವೆಂಬರ್ 23ರ ಆ ಪಂದ್ಯದಲ್ಲಿ ರೋರ್ಕ್ ಐದು ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕುರುಳಿದರು. ಇಡೀ ತಂಡ ಮುಂದೆ ಸಾಗಿದ್ದು 151 ಗಜ. ಸಾಲದ್ದಕ್ಕೆ ಪಂಟ್‌ನಲ್ಲೂ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಎರಡು ಎಡವಟ್ಟು. ಅರ್ಧ ಆಟಕ್ಕೆ ಮುನ್ನ ಒದೆಯಬೇಕಾದವನ ಕೈಯಿಂದ ಚೆಂಡು ಜಾರಿತು. ಗೋಲ್ ಗೆರೆಯ ಬಳಿಯೇ ಚೆಂಡು ಸಿಕ್ಕ ಓಹಾಯೋ ಸ್ಟೇಟ್ ಟಚ್‌ಡೌನ್ (ಚೆಂಡನ್ನು ಆ ಗೆರೆ ದಾಟಿಸಿ ಅಂಕ ಗಳಿಸುವುದು) ಮಾಡಿತು. ವಿರಾಮದ ನಂತರ ಕೇಲೆಬ್ ಡೌನ್ಸ್ ಪಂಟ್ ಹಿಡಿದು 79 ಗಜ ಓಡಿ ಇನ್ನೊಂದು ಟಚ್‌ಡೌನ್ ಗಳಿಸಿದರು.

ನೊಟ್ರೆ ಡೇಮ್ ಎದುರಿನ ಪ್ಲೇಆಫ್‌ನಲ್ಲೂ (ಸೋತವರು ಹೊರಬೀಳುವ ಕೊನೆಯ ಹಂತ; ಡಿಸೆಂಬರ್ 20, 27–17ರ ಸೋಲು) ಕಾಯಿಲೆ ಅದೇ. ಆ ಅಂಕಗಳು ನಿಮ್ಮನ್ನು ಏಮಾರಿಸದಿರಲಿ: 27–3 ಆಗಿದ್ದಾಗ ಕೊನೆಯ ಎರಡು ನಿಮಿಷದೊಳಗೆ ಇಂಡಿಯಾನಾ ಎರಡು ಟಚ್‌ಡೌನ್ ಸೇರಿಸಿತಷ್ಟೆ. ಪಂದ್ಯಪಟ್ಟಿ ಸಲೀಸಾಗಿತ್ತು ಎಂಬ ಟೀಕೆಯಲ್ಲಿ ಹುರುಳಿದೆ. 66–0ರಿಂದ ಸೋತ ಪರ್ಡ್ಯೂ ಆ ವರ್ಷ ಗೆದ್ದದ್ದು ಒಂದೇ ಪಂದ್ಯ. ಆದರೆ ಹಿಂದೆಂದೂ ಒಂದು ಸೀಸನ್‌ನಲ್ಲಿ 10 ಪಂದ್ಯ ಗೆಲ್ಲದ ತಂಡವಿದು ಎಂಬುದನ್ನು ಟೀಕಾಕಾರರು ಹೇಳುವುದಿಲ್ಲ.

ಪ್ರಶ್ನೆ: ರೋರ್ಕ್‌ಗೆ ಗಾಯವಾಗಿತ್ತೇ?
– ಓದುಗರು, ಮಂಗಳೂರು

ಉತ್ತರ: ಹೌದು. ನೆಬ್ರಾಸ್ಕಾ ಪಂದ್ಯದಲ್ಲಿ ಕೈ ಹೆಬ್ಬೆರಳಿಗೆ ಪೆಟ್ಟಾಗಿ ಮುಂದಿನ ವಾಷಿಂಗ್ಟನ್ ಪಂದ್ಯ ತಪ್ಪಿತು. ಸೀಸನ್ ಮುಗಿದ ಮೇಲೆ ತಿಳಿದದ್ದು: ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿದ್ದರೂ ಅವರು ಆಡುತ್ತಲೇ ಇದ್ದರು.