ಶಿವಸೇನೆಯ ಸ್ಥಾಪಕ ಬಾಳಾ ಠಾಕ್ರೆ ಮಗ ಉದ್ಧವ್ ಅವರನ್ನು ಉತ್ತರಾಧಿಕಾರಿ ಎಂದು ಬಾಯಿಬಿಟ್ಟು ಹೇಳಿದ್ದರೇ?

ಹೇಳಿದ್ದರು, ಆದರೆ ಮೊದಲ ಸಲ ಬೇರೆಯವರ ಬಾಯಲ್ಲಿ. 2003ರ ಜನವರಿಯಲ್ಲಿ ಮಹಾಬಳೇಶ್ವರದ ಪಕ್ಷದ ಅಧಿವೇಶನದಲ್ಲಿ ಉದ್ಧವ್ ಕಾರ್ಯಾಧ್ಯಕ್ಷರಾಗಲಿ ಎಂಬ ಪ್ರಸ್ತಾಪ ಮಂಡಿಸಿದ್ದು ಠಾಕ್ರೆ ಅವರ ತಮ್ಮನ ಮಗ ರಾಜ್! ಆ ಕುರ್ಚಿ ರಾಜ್‌ಗೇ ಎಂದು ಅಂದುಕೊಂಡವರೇ ಹೆಚ್ಚು. 2005ರ ಕೊನೆಗೆ ಅವರು ಪಕ್ಷ ಬಿಟ್ಟರು, ಮರುವರ್ಷ ಮನಸೇ (ಮಹಾರಾಷ್ಟ್ರ ನವನಿರ್ಮಾಣ ಸೇನೆ) ಕಟ್ಟಿದರು.

ಬಾಳಾಸಾಹೇಬರು ತಾವೇ ಜನರ ಮುಂದೆ ಕೇಳಿಕೊಂಡಿದ್ದು 2012ರ ದಸರಾಕ್ಕೆ. ಪಕ್ಷದ ದಸರಾ ಸಭೆ ನಡೆಯುವ ಶಿವಾಜಿ ಪಾರ್ಕಿಗೆ ಬರಲಾಗದೆ ವಿಡಿಯೊ ಕಳಿಸಿದ್ದರು. ಮುಂಬೈನ ಮಾಟುಂಗಾದ ಹೋಟೆಲೊಂದರ ಟಿವಿಯಲ್ಲಿ ಅದನ್ನು ನೋಡಿದೆ. ಆ ಗುಡುಗಿನ ದನಿ ಒಡೆದು, ಉಸಿರಿಗೆ ತಡವರಿಸುತ್ತಿತ್ತು. ದೇಹ ಸೋತಿದೆ, ನನ್ನನ್ನು ನೋಡಿಕೊಂಡಿರಿ, ಇನ್ನು ಉದ್ಧವ್, ಅವರ ಮಗ ಆದಿತ್ಯರನ್ನು ನೋಡಿಕೊಳ್ಳಿ ಎಂಬುದು ಮಾತಿನ ಸಾರ. ಗಲ್ಲೆಯಲ್ಲಿದ್ದ ಕುಂದಾಪುರದ ಹಿರಿಯರು ಚಿಲ್ಲರೆ ಎಣಿಸುವುದನ್ನೇ ನಿಲ್ಲಿಸಿದ್ದರು. ನವೆಂಬರ್ 17ರಂದು ಠಾಕ್ರೆ ತೀರಿಕೊಂಡರು.

ಹಳೆಯ ವಿವಾದಗಳು? ಅರುವತ್ತರ ದಶಕದಲ್ಲಿ ದಕ್ಷಿಣದವರ ವಿರುದ್ಧ ನಡೆದ ಚಳವಳಿಯನ್ನು ಇಲ್ಲಿನ ಉಡುಪಿ ಹೋಟೆಲಿನವರು ಮರೆತಿಲ್ಲ. 1969ರಲ್ಲಿ ಮಹಾರಾಷ್ಟ್ರ-ಕರ್ನಾಟಕ ಗಡಿ ವಿವಾದದ ಗಲಭೆಗೆ ಠಾಕ್ರೆ ಜೈಲು ಕಂಡರು. 1987ರ ವಿಲೇಪಾರ್ಲೆ ಉಪಚುನಾವಣೆಯಲ್ಲಿ ಧರ್ಮದ ಹೆಸರಲ್ಲಿ ಮತ ಕೇಳಿದ್ದಕ್ಕೆ 1999ರಿಂದ ಆರು ವರ್ಷ ಅವರ ಮತದಾನದ ಹಕ್ಕೇ ಹೋಗಿತ್ತು. 1992-93ರ ಮುಂಬೈ ಗಲಭೆ ಕುರಿತ ಶ್ರೀಕೃಷ್ಣ ಆಯೋಗದ ವರದಿಯೂ ಅವರನ್ನು ಬಿಡಲಿಲ್ಲ.

ನನ್ನ ಪ್ರಕಾರ ಆ ದಸರಾ ಮಾತು ಉದ್ಧವ್‌ಗೆ ಕೊಟ್ಟಿದ್ದು ಭಾವನೆಯ ಬಂಡವಾಳ ಮಾತ್ರ. ಶಿವಸೇನೆಯ ಬಿಲ್ಲು-ಬಾಣದ ಚಿಹ್ನೆಯನ್ನು 2023ರಲ್ಲಿ ಚುನಾವಣಾ ಆಯೋಗ ಪಕ್ಷದಿಂದ ಸಿಡಿದ ಏಕನಾಥ ಶಿಂದೆ ಬಣಕ್ಕೆ ಕೊಟ್ಟಾಗ ಅದು ಲೆಕ್ಕಕ್ಕೆ ಬರಲಿಲ್ಲ.